ಹಬ್ಬಕ್ಕೆ ಬೆಳ್ಳಿ ತೊಳೆದದ್ದು
3 ಆಗಸ್ಟ್ 2025, ಭಾನುವಾರ
ಮಾಟುಂಗಾ, ಮುಂಬೈ

ಬರೋ ಶುಕ್ರವಾರ ವರಮಹಾಲಕ್ಷ್ಮಿ. ಬೆಳಿಗ್ಗೆ ಬೀರುವಿನಿಂದ ಬೆಳ್ಳಿ ಸಾಮಾನು ಇಳಿಸಿದೆ. ಎಲ್ಲಾ ಕಪ್ಪು. ಮುಂಬೈ ಮಳೆಗಾಲದ ತೇವಕ್ಕೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಅದೂ ಅಲ್ಲದೆ ಮಾಹಿಮ್ ಖಾಡಿ (ಸಮುದ್ರದ ನೀರು ಒಳಗೆ ಬರುವ ತೊರೆ) ಕಡೆಯಿಂದ ಗಾಳಿ ಬೀಸಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಅದರೊಳಗಿನ ಗಂಧಕ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಅಂದರೆ ಆ ಕಪ್ಪು ಹೊರಗಿನಿಂದ ಬಂದು ಕೂತ ಕೊಳೆ ಅಲ್ಲ, ಅದರಲ್ಲಿ ನಮ್ಮ ಬೆಳ್ಳಿಯೂ ಇದೆ. ಉಜ್ಜಿ ತೆಗೆದಾಗಲೆಲ್ಲ ಒಂದಿಷ್ಟು ಬೆಳ್ಳಿ ಹೋಗೇ ಹೋಗುತ್ತದೆ.

ಅತ್ತೆಗೆ ಹಬ್ಬದ ಬೆಳ್ಳಿ ಫಳಫಳ ಅನ್ನಬೇಕು. ಹಲ್ಲುಪುಡಿ ಡಬ್ಬಿ ಆಗಲೇ ಕೈಯಲ್ಲಿ ಹಿಡಿದಿದ್ದರು. ನಾನು ಅವರ ಅಜ್ಜಿಯ ಕಾಲದ ಕುಂಕುಮ ಭರಣಿಯನ್ನು ಕಿಟಕಿ ಬೆಳಕಿಗೆ ಹಿಡಿದು ತೋರಿಸಿದೆ. ಮುಚ್ಚಳದ ಮೇಲೆ ಪುಟ್ಟ ನವಿಲಿದೆ. ಎಡಗಡೆ ಗರಿಯ ಒಂದೊಂದು ಗೆರೆಯೂ ಕಾಣುತ್ತದೆ, ಗೆರೆಯ ಸಂದಿನಲ್ಲಿ ಕಪ್ಪು ನಿಂತಿರುವುದರಿಂದಲೇ ಅಷ್ಟು ಚೆನ್ನಾಗಿ ಕಾಣುವುದು. ಬಲಗಡೆ, ಉಜ್ಜುವಾಗ ಹೆಬ್ಬೆರಳು ಬೀಳುವ ಕಡೆ, ಗರಿಯೇ ಇಲ್ಲ, ನುಣ್ಣಗೆ ಸವೆದಿದೆ. ಅತ್ತೆ ಭರಣಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಹಾಗಾದ್ರೆ ಇದನ್ನ ಉಜ್ಜಬೇಡಮ್ಮಾ, ಬರೀ ತೊಳಿ” ಅಂದರು.

ಹಳೇ ಕೆತ್ತನೆಯ ಸಾಮಾನಿಗೆ ನಿಜವಾಗಿಯೂ ಅಷ್ಟೇ ಸಾಕು. ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ. ದೀಪಗಳಲ್ಲಿ ಗಟ್ಟಿಯಾದ ತುಪ್ಪದ ಜಿಡ್ಡನ್ನು ಚಾಕುವಿನಲ್ಲಿ ಕೆರೆಯಬಾರದು, ಅದೇ ನೀರಿನಲ್ಲಿ ನೆನೆಸಿದರೆ ತಾನೇ ಬಿಡುತ್ತದೆ. ತೊಳೆದ ಕೂಡಲೇ ಒರೆಸಬೇಕು. ಹೊಳಪು ಬೇಕೇ ಬೇಕು ಅನ್ನುವ ಕಡೆ, ಅಂದರೆ ಉಬ್ಬಿದ ಭಾಗದಲ್ಲಿ ಮಾತ್ರ, ಬೆಳ್ಳಿ ಪಾಲಿಶ್ ಬಟ್ಟೆಯಿಂದ ಹಗುರವಾಗಿ ಒರೆಸಿದೆ.

ಬಂಧುಗಳೊಬ್ಬರ ಮನೆಯ ಕಲಶದ ಚೊಂಬನ್ನು ಅಂಗಡಿಗೆ ಪಾಲಿಶ್‌ಗೆ ಕೊಟ್ಟಿದ್ದರು. ಮಷಿನ್‌ಗೆ ಹಿಡಿದು ಕನ್ನಡಿ ಥರ ಮಾಡಿಕೊಟ್ಟರು. ಅಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಮುತ್ತಜ್ಜಿಯ ಹೆಸರು ಅಳಿಸಿಹೋಯಿತು. ಇನ್ನು ಅದನ್ನು ಯಾರು ವಾಪಸ್ ತರುತ್ತಾರೆ? ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎಲ್ಲರೂ ಹೇಳುವ ಫಾಯಿಲ್ ಉಪಾಯ ಸುಳ್ಳಲ್ಲ. ಟಬ್ಬಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ, ಬೆಳ್ಳಿ ಫಾಯಿಲ್‌ಗೆ ತಾಗುವ ಹಾಗೆ ಇಟ್ಟರೆ ಗಂಧಕ ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಅಲ್ಲೇ ಉಳಿಯುತ್ತದೆ. ಆಗಲೂ ಅದೇ ಖಾಡಿ ವಾಸನೆ! ಕೆತ್ತನೆ ಇಲ್ಲದ ಲೋಟ, ಚಮಚಗಳಿಗೆ ಇದನ್ನೇ ಮಾಡಿದೆ. ಆದರೆ ಇದು ಸಂದಿಯ ಕಪ್ಪನ್ನೂ ಬಿಡದೆ ತೆಗೆದು ಕೆತ್ತನೆಯನ್ನು ಪೇಲವ ಮಾಡುತ್ತದೆ, ಹಾಗಾಗಿ ಭರಣಿಗೆ ಬೇಡ. ಅಮ್ಮನವರ ಮುಖವಾಡಕ್ಕಂತೂ ಬೇಡವೇ ಬೇಡ. ಅದು ತೆಳು ತಗಡು, ಹಿಂದೆ ಅರಗು ತುಂಬಿದ್ದಾರೆ, ಬಿಸಿನೀರಿಗೆ ಅರಗು ಮೆತ್ತಗಾಗುತ್ತದೆ.

ಪೂಜೆಗೆ ಇಡುವ ಹಳೇ ರೂಪಾಯಿಗಳನ್ನು ಮುಟ್ಟಲೇ ಇಲ್ಲ. ವಿಕ್ಟೋರಿಯಾ ರಾಣಿಯ ರೂಪಾಯಿ 11.66 ಗ್ರಾಂ, ಅದರಲ್ಲಿ 91.7% ಬೆಳ್ಳಿ. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಅರ್ಧದಷ್ಟು ಮಾತ್ರ. ಉಜ್ಜಿದ ನಾಣ್ಯವನ್ನು ಸಂಗ್ರಹ ಮಾಡುವವರು ಒಳ್ಳೇ ಬೆಲೆಗೆ ಕೊಳ್ಳುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಆ ಬಣ್ಣ ಬರೋಕೆ ನೂರು ವರ್ಷ ಬೇಕು, ಸುಮ್ನೆ ಯಾಕೆ ತೆಗೆಯೋದು ಅಲ್ವಾ?

ಚಮಚಗಳ ಕಟ್ಟಿಗೆ ಯಾರೋ ರಬ್ಬರ್ ಬ್ಯಾಂಡ್ ಹಾಕಿದ್ದರು. ರಬ್ಬರ್‌ನಲ್ಲೂ ಗಂಧಕ ಇರುತ್ತದೆ, ಅಡ್ಡಕ್ಕೆ ಕಪ್ಪು ಗೆರೆ ಬಿದ್ದಿದೆ, ಅದು ಫಾಯಿಲ್‌ಗೂ ಪೂರ್ತಿ ಹೋಗಲಿಲ್ಲ. ಉಣ್ಣೆ ಬಟ್ಟೆ, ನ್ಯೂಸ್‌ಪೇಪರ್‌ ಕೂಡ ಬೆಳ್ಳಿಗೆ ಆಗದು. ಈಗ ಒಗೆದ ಹಳೇ ಪಂಚೆ ಹರಿದು ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಜಿಪ್ ಕವರಿಗೆ ಹಾಕಿ, ತೇವ ಹೀರಲಿ ಅಂತ ಡಬ್ಬಿಯೊಳಗೆ ಸೀಮೆಸುಣ್ಣದ ತುಂಡುಗಳನ್ನು ಇಟ್ಟಿದ್ದೇನೆ. ಮುಖವಾಡ ಮಾತ್ರ ಬಾಕಿ. ಗುರುವಾರ ಸಂಜೆ ಸೀರೆ ಉಡಿಸುವ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು.