ಲಕ್ಕುಂಡಿಯ ಕಲ್ಲು, ಇಳಕಲ್ ಸೆರಗು ಮತ್ತು ಮನೆಯ ಫೋಟೊ ಪ್ರಿಂಟರ್

ಧಾರವಾಡದ ನಮ್ಮ ಮನೆಗೆ ಫೋಟೊ ಮುದ್ರಿಸಿಕೊಳ್ಳಲು ಬರುವ ನೆರೆಯವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಮೊಬೈಲಿನ್ಯಾಗ ಇಷ್ಟ್ ಛಂದ ಕಾಣಸ್ತದ, ಹಾಳ್ಯಾಗ ಯಾಕ್ರೀ ಕಪ್ಪಾಗಿ ಬಂತು?" ಪ್ರಿಂಟರ್ ಅಗ್ಗದ್ದಿರಬೇಕು, ಇಲ್ಲವೇ ಇಂಕು ಕಳಪೆಯಿರಬೇಕು ಎಂದು ಅವರು ತಾವೇ ಉತ್ತರವನ್ನೂ ಊಹಿಸಿಕೊಂಡಿರುತ್ತಾರೆ. ಆದರೆ ಇಂದು ಮನೆಬಳಕೆಗೆ ಸಿಗುವ ಸಾಧಾರಣ ಇಂಕ್‌ಜೆಟ್ ಪ್ರಿಂಟರ್ ಕೂಡ, ಒಳಗೆ ಯಾವ ಕಾಗದವಿದೆ ಎಂಬುದನ್ನು ಸರಿಯಾಗಿ ತಿಳಿಸಿ ಚಿತ್ರವನ್ನು ಸಿದ್ಧಮಾಡಿ ಕೊಟ್ಟರೆ, ಗೋಡೆಗೆ ಹಾಕಬಹುದಾದಂಥ ಫೋಟೊವನ್ನು ಕೊಡಬಲ್ಲದು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಆ ಕಪ್ಪಿನ ವಿಚಾರ. ಮೊಬೈಲಿನ ಪರದೆ ತಾನೇ ಬೆಳಕು ಸೂಸುತ್ತದೆ. ಕಾಗದವಾದರೋ ಕೋಣೆಯಲ್ಲಿರುವ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಪರದೆಯ ಪ್ರಖರತೆಯನ್ನು ತುದಿಗೇರಿಸಿಕೊಂಡು ಚಿತ್ರವನ್ನು ತಿದ್ದುವವರಿಗೆ ನೆರಳಿನ ಭಾಗವೂ ತಿಳಿಯಾಗಿ ಕಾಣುವುದರಿಂದ ಅವರು ಚಿತ್ರವನ್ನು ಸಾಕಷ್ಟು ಬೆಳಗಿಸುವುದಿಲ್ಲ, ಹೀಗಾಗಿ ಕಾಗದದಲ್ಲಿ ಮುಖಗಳೆಲ್ಲ ಮಂಕಾಗುತ್ತವೆ. ತಿದ್ದುವ ಮುನ್ನ ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕದಲ್ಲಿ ಹಿಡಿದು, ಪರದೆಯ ಬಿಳುಪು ಹಾಳೆಯ ಬಿಳುಪಿಗೆ ಸರಿಸುಮಾರು ಹೊಂದುವವರೆಗೆ ಪ್ರಖರತೆಯನ್ನು ಇಳಿಸಿಕೊಂಡರೆ ಈ ತೊಂದರೆಯ ಬಹುಪಾಲು ತಾನಾಗಿಯೇ ನಿವಾರಣೆಯಾಗುತ್ತದೆ.

ಪ್ರಿಂಟರಿನ ಗುಣವನ್ನು ಅರಿಯಲು ಯಾವುದಾದರೂ ಒಂದೇ ಚಿತ್ರವನ್ನು ಪರೀಕ್ಷೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ನನ್ನ ಪರೀಕ್ಷಾ ಚಿತ್ರದಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಗೋಡೆಯಿದೆ, ಅದರ ಮುಂದೆ ಇಳಕಲ್ ಸೀರೆಯುಟ್ಟ ನಮ್ಮ ಚಿಕ್ಕಮ್ಮ ನಿಂತಿದ್ದಾರೆ. ಕಲ್ಯಾಣ ಚಾಲುಕ್ಯರ ಕಾಲದ ಆ ಬೂದು ಕಲ್ಲು ಪ್ರಿಂಟರಿನ ಚಾಡಿಯನ್ನು ಕೂಡಲೇ ಹೇಳಿಬಿಡುತ್ತದೆ, ಏಕೆಂದರೆ ಬೂದುಬಣ್ಣದಲ್ಲಿ ಸ್ವಲ್ಪ ಕೆಂಪೋ ಹಸಿರೋ ಬೆರೆತರೂ ಅದು ಕಣ್ಣಿಗೆ ಹೊಡೆಯುತ್ತದೆ. ಹೂವು, ಆಕಾಶಗಳಲ್ಲಿ ಅಷ್ಟೇ ವ್ಯತ್ಯಾಸವಾದರೆ ಯಾರೂ ಗಮನಿಸುವುದಿಲ್ಲ. ಕೆತ್ತನೆಯ ಸಂದುಗಳಲ್ಲಿ ಎಷ್ಟು ನೆರಳು ಬಿಡಿಸಿ ಕಾಣುತ್ತದೆ ಎಂಬುದೂ ಅಲ್ಲಿಯೇ ತಿಳಿಯುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗಿನದು ಬೇರೆಯೇ ಪರೀಕ್ಷೆ. ಪರದೆ ತೋರಿಸಬಲ್ಲ ಕಡು ಕೆಂಪುಗಳಲ್ಲಿ ಕೆಲವನ್ನು ಇಂಕು ಮುಟ್ಟಲಾರದು. ಅಂಥ ಕಡೆ ಸೆರಗಿನ ನೇಯ್ಗೆಯ ಎಳೆಗಳೆಲ್ಲ ಅಳಿಸಿಹೋಗಿ ಒಂದೇ ಕೆಂಪು ಪಟ್ಟೆ ಉಳಿಯುತ್ತದೆ. ಆಗ ಇಡೀ ಚಿತ್ರವನ್ನು ಮಂಕುಮಾಡುವ ಬದಲು, ತಿದ್ದುವ ಆ್ಯಪ್‌ನಲ್ಲಿ ಕೆಂಪಿನ ಗಾಢತೆಯನ್ನು ಮಾತ್ರ ಸ್ವಲ್ಪ ತಗ್ಗಿಸಿದರೆ ಎಳೆಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಮುದ್ರಿತ ಹಾಳೆಯನ್ನು ರಾತ್ರಿ ಹಳದಿ ದೀಪದ ಕೆಳಗೆ ನೋಡಿ ತೀರ್ಪು ಕೊಡಬಾರದು, ಹಗಲಿನಲ್ಲಿ ಕಿಟಕಿಯ ಬಳಿ ನೋಡಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕಾಗದದ ವಿಚಾರಕ್ಕೆ ಬರುತ್ತೇನೆ. ಪ್ರಿಂಟ್ ಮಾಡುವಾಗ ತೆರೆದುಕೊಳ್ಳುವ ಪಟ್ಟಿಯಲ್ಲಿ ಕಾಗದದ ಬಗೆಯನ್ನು ಆರಿಸುವ ಸಾಲೊಂದಿರುತ್ತದೆ, ಅದನ್ನು ಮುಟ್ಟದೆ ಬಿಡುವವರೇ ಹೆಚ್ಚು. ಆ ಸಾಲಿನಲ್ಲಿ ಇರುವ ಆಯ್ಕೆಯೇ ಹನಿಯ ಗಾತ್ರವನ್ನೂ ಇಂಕಿನ ಪ್ರಮಾಣವನ್ನೂ ಬಣ್ಣಗಳ ಬೆರಕೆಯನ್ನೂ ನಿರ್ಧರಿಸುತ್ತದೆ. ಹೊಳಪಿನ ಫೋಟೊ ಪೇಪರ್ ಹಾಕಿ ಅಲ್ಲಿ ಸಾದಾ ಕಾಗದವೆಂದೇ ಬಿಟ್ಟರೆ ಬಣ್ಣ ತೆಳುವಾಗುತ್ತದೆ, ಹನಿಗಳು ಒರಟಾಗಿ ಕಾಣುತ್ತವೆ. ಸಾದಾ ಕಾಗದ ಹಾಕಿ ಗ್ಲಾಸಿ ಎಂದು ಹೇಳಿದರೆ ಹಾಳೆ ನೆನೆದು ಸುಕ್ಕುಗಟ್ಟುತ್ತದೆ. ಕೆಲವು ಪ್ರಿಂಟರುಗಳಲ್ಲಿ ಕಪ್ಪು ಇಂಕು ಮಾತ್ರ ಪಿಗ್ಮೆಂಟ್ (ಬಣ್ಣದ ಸೂಕ್ಷ್ಮ ಕಣಗಳಿರುವ) ಬಗೆಯದಾಗಿದ್ದು, ಉಳಿದ ಬಣ್ಣಗಳು ಡೈ (ದ್ರವದಲ್ಲಿ ಕರಗಿದ ಬಣ್ಣದ) ಬಗೆಯವಾಗಿರುತ್ತವೆ. ಅಕ್ಷರಗಳಿಗೆಂದು ಇಟ್ಟಿರುವ ಆ ಕಪ್ಪು ಹೊಳಪಿನ ಮೇಲ್ಮೈಯಲ್ಲಿ ಸರಿಯಾಗಿ ನಿಲ್ಲುವುದಿಲ್ಲವಾದ್ದರಿಂದ, ಗ್ಲಾಸಿ ಎಂದು ತಿಳಿಸಿದಾಗ ಯಂತ್ರ ಅದನ್ನು ಬಿಟ್ಟು ಮೂರು ಬಣ್ಣಗಳನ್ನು ಕೂಡಿಸಿ ಕಪ್ಪನ್ನು ಕಟ್ಟುತ್ತದೆ. ಕಪ್ಪು-ಬಿಳುಪಿನ ಹಳೆಯ ಫೋಟೊಗಳು ಇಂಥ ಯಂತ್ರದಲ್ಲಿ ತುಸು ಹಸಿರಿಗೋ ನೇರಳೆಗೋ ತಿರುಗುವುದಕ್ಕೆ ಇದೇ ಕಾರಣ. ಅಜ್ಜ-ಅಜ್ಜಿಯರ ಫೋಟೊಗಳನ್ನು ಮುದ್ರಿಸುವುದೇ ಮುಖ್ಯ ಉದ್ದೇಶವಾಗಿದ್ದರೆ, ಆರು ಇಂಕಿನ ಅಥವಾ ಬೂದುಬಣ್ಣದ ಪ್ರತ್ಯೇಕ ಇಂಕಿರುವ ಪ್ರಿಂಟರನ್ನು ಕೊಳ್ಳುವುದು ಲೇಸು.

ಪ್ರಿಂಟರ್ ಕಂಪನಿಯದೇ ಕಾಗದವಾದರೆ ಪಟ್ಟಿಯಲ್ಲಿ ಅದರ ಹೆಸರೇ ಇರುತ್ತದೆ. ಹುಬ್ಬಳ್ಳಿಯ ಪೇಟೆಯಲ್ಲಿ ಸುಲಭವಾಗಿ ಸಿಗುವ ಬೇರೆ ಕಂಪನಿಗಳ 180 ಜಿಎಸ್‌ಎಂ ಅಥವಾ 230 ಜಿಎಸ್‌ಎಂ ಪೇಪರಾದರೆ, ಪಟ್ಟಿಯಲ್ಲಿರುವ ಎರಡು-ಮೂರು ಗ್ಲಾಸಿ ಹೆಸರುಗಳಿಂದಲೂ ಅದೇ ಚಿತ್ರವನ್ನು ಸಣ್ಣದಾಗಿ ಮುದ್ರಿಸಿ, ಕಲ್ಲು ಕಲ್ಲಿನಂತೆ ಬಂದ ಆಯ್ಕೆಯನ್ನು ಪೇಪರಿನ ಕಟ್ಟಿನ ಮೇಲೆ ಬರೆದಿಟ್ಟುಕೊಳ್ಳಬೇಕು. ಕಟ್ಟು ಬದಲಾದರೆ ಮತ್ತೆ ಪರೀಕ್ಷಿಸಬೇಕು. ಅಂದಹಾಗೆ, ಜಿಎಸ್‌ಎಂ ಎಂಬುದು ಹಾಳೆಯ ತೂಕವನ್ನಷ್ಟೇ ಹೇಳುತ್ತದೆ. ಇಂಕನ್ನು ಹಿಡಿಯುವುದು ಮೇಲಿನ ಲೇಪ. ಲೇಪವಿರುವ ಬದಿ ಯಾವುದೆಂದು ತಿಳಿಯದಿದ್ದರೆ ಒದ್ದೆ ಬೆರಳಿನಿಂದ ಹಾಳೆಯ ಮೂಲೆಯನ್ನು ಮುಟ್ಟಿ ನೋಡಬಹುದು: ಬೆರಳು ತುಸು ಅಂಟಿಕೊಳ್ಳುವ ಬದಿಯೇ ಮುದ್ರಿಸುವ ಬದಿ.

ಬಣ್ಣದ ಹೊಣೆಯನ್ನು ಒಬ್ಬರಿಗೇ ವಹಿಸಬೇಕು. ಫೋಟೊ ತಿದ್ದುವ ತಂತ್ರಾಂಶವೂ ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡ್ರೈವರೂ ಎರಡೂ ಬಣ್ಣವನ್ನು ಸರಿಪಡಿಸಲು ಹೊರಟರೆ ಚಿತ್ರ ಕೆಡುವುದು ಖಂಡಿತ. ಕಾಗದಕ್ಕೆ ತಕ್ಕ ಐಸಿಸಿ ಪ್ರೊಫೈಲ್ (ಆ ಪ್ರಿಂಟರ್ ಆ ಕಾಗದದ ಮೇಲೆ ಬಣ್ಣಗಳನ್ನು ಹೇಗೆ ಮೂಡಿಸುತ್ತದೆ ಎಂಬ ವಿವರವಿರುವ ಕಡತ) ಇದ್ದವರು ಅದನ್ನು ಫೋಟೊ ತಿದ್ದುವ ತಂತ್ರಾಂಶದಲ್ಲಿ ಆಯ್ದುಕೊಂಡು, ಡ್ರೈವರಿನ ತಿದ್ದುಪಡಿಯನ್ನು ಆಫ್ ಮಾಡಿಬಿಡಬೇಕು. ಉಳಿದವರು ಚಿತ್ರವನ್ನು ಎಸ್‌ಆರ್‌ಜಿಬಿಯಲ್ಲಿ ಉಳಿಸಿ ಪ್ರಿಂಟರಿಗೇ ಬಿಡುವುದು ಕ್ಷೇಮ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಮುಂದಿಟ್ಟ ಈ ಬಣ್ಣದ ವ್ಯಾಪ್ತಿಯನ್ನು ಎಲ್ಲ ಮನೆಬಳಕೆಯ ಪ್ರಿಂಟರುಗಳೂ ಬಲ್ಲವು.

ಚಿತ್ರದ ಗಾತ್ರದ ಲೆಕ್ಕ ಸರಳವಾದುದು. ಇಂಚಿಗೆ 300 ಪಿಕ್ಸೆಲ್ ಎಂದು ಹಿಡಿದರೆ 4×6 ಇಂಚಿನ ಫೋಟೊಗೆ 1200×1800 ಪಿಕ್ಸೆಲ್ ಬೇಕು, ಎ4 ಹಾಳೆಗೆ 2480×3508 ಬೇಕು. ಪ್ರಿಂಟರಿನ ಪೆಟ್ಟಿಗೆಯ ಮೇಲೆ ಕಾಣುವ 5760×1440 ಎಂಬ ಅಂಕಿಗಳು ಇಂಕಿನ ಹನಿಗಳ ಲೆಕ್ಕ, ಚಿತ್ರಕ್ಕೆ ಅಷ್ಟು ಪಿಕ್ಸೆಲ್ ಬೇಕೆಂದು ಅರ್ಥವಲ್ಲ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗಿರುತ್ತದೆ; ಸಣ್ಣ ಫೋಟೊಗೆ ಅದು ಹೇಗೋ ನಡೆದೀತು, ಎ4ಗೆ ನಡೆಯದು. ಆದ್ದರಿಂದ ಮೂಲ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸುವಂತೆ ಕೇಳಿಕೊಳ್ಳಬೇಕು. ಮೊಬೈಲ್ ಚಿತ್ರಗಳ ಆಕಾರ ಸಾಮಾನ್ಯವಾಗಿ 4:3 ಇರುತ್ತದೆ, 4×6 ಹಾಳೆಯದು 3:2. ಹಾಳೆ ತುಂಬುವಂತೆ ಮುದ್ರಿಸಿದರೆ ಚಿತ್ರದ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ, ಅಂಚಿಲ್ಲದ ಮುದ್ರಣವಾದರೆ ಇನ್ನೂ ಸ್ವಲ್ಪ ಹೆಚ್ಚು. ಮದುವೆಯ ಗುಂಪು ಫೋಟೊದಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಹಿರಿಯರ ಪಟಗ ಅರ್ಧಕ್ಕೆ ಮಾಯವಾಗುವುದು ಹೀಗೆಯೇ. ಕತ್ತರಿಸುವ ಕೆಲಸವನ್ನು ಯಂತ್ರಕ್ಕೆ ಬಿಡದೆ ನಾವೇ ಮೊದಲು ಮಾಡಿಕೊಳ್ಳುವುದು ಮರ್ಯಾದೆ ಉಳಿಸುತ್ತದೆ.

ನಮ್ಮ ಕಡೆಯ ಹವೆಗೆ ಸಂಬಂಧಿಸಿದ ಮಾತೊಂದಿದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗಿನ ಒಣ ಬಿಸಿಲಿನಲ್ಲಿ, ಬಳಸದೆ ಇಟ್ಟ ಪ್ರಿಂಟರಿನ, ಇಂಕು ಚಿಮ್ಮಿಸುವ ಹೆಡ್‌ನಲ್ಲಿರುವ ಸೂಕ್ಷ್ಮ ರಂಧ್ರಗಳಲ್ಲಿ ಇಂಕು ಬೇಗ ಒಣಗುತ್ತದೆ. ಯಂತ್ರದ ಮೇಲಿನ ಗುಂಡಿಯಿಂದ ಆರಿಸಿದಾಗ ಹೆಡ್ ಪಕ್ಕಕ್ಕೆ ಸರಿದು ರಬ್ಬರಿನ ಮುಚ್ಚಳದ ಮೇಲೆ ಕೂರುತ್ತದೆ, ಆದ್ದರಿಂದ ರಂಧ್ರಗಳಿಗೆ ಗಾಳಿ ತಗಲುವುದಿಲ್ಲ. ಮುದ್ರಣದ ನಡುವೆ ಕರೆಂಟ್ ಹೋದರೆ ಅಥವಾ ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಹೆಡ್ ಇದ್ದಲ್ಲಿಯೇ ನಿಂತುಬಿಡುತ್ತದೆ, ಮುಚ್ಚಳ ಬೀಳುವುದಿಲ್ಲ. ಕರೆಂಟ್ ಬಂದೊಡನೆ ಒಮ್ಮೆ ಹಚ್ಚಿ, ಗುಂಡಿಯಿಂದಲೇ ಆರಿಸಬೇಕು. ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಸಣ್ಣ ಚಿತ್ರವೊಂದನ್ನು ಮುದ್ರಿಸುತ್ತಿದ್ದರೆ ಹೆಡ್ ಸ್ವಚ್ಛವಾಗಿರುತ್ತದೆ. ಫೋಟೊದಲ್ಲಿ ಅಡ್ಡಗೆರೆಗಳು ಬಂದಾಗ ಮೊದಲು ನಾಜಲ್ ಚೆಕ್ ಮಾಡಿ, ಅಂದರೆ ರಂಧ್ರಗಳನ್ನು ಪರೀಕ್ಷಿಸುವ ಗೆರೆಗಳ ನಮೂನೆಯನ್ನು ಮುದ್ರಿಸಿ, ಅದರಲ್ಲಿ ಗೆರೆ ತುಂಡಾಗಿದ್ದರೆ ಮಾತ್ರ ಹೆಡ್ ಕ್ಲೀನಿಂಗ್ ಮಾಡಬೇಕು. ಸಿಕ್ಕ ಹಾಗೆ ಕ್ಲೀನಿಂಗ್ ಮಾಡಿದರೆ ಇಂಕು ವ್ಯರ್ಥವಾಗುವುದಲ್ಲದೆ, ಒಳಗಿರುವ ತ್ಯಾಜ್ಯ ಇಂಕಿನ ಪ್ಯಾಡ್ ಬೇಗ ತುಂಬಿ ಯಂತ್ರ ಕೆಲಸ ನಿಲ್ಲಿಸುತ್ತದೆ. ಮಳೆಗಾಲದಲ್ಲಾದರೆ ಯಂತ್ರಕ್ಕಿಂತ ಪೇಪರಿಗೆ ಹೆಚ್ಚಿನ ಕಾಳಜಿ ಬೇಕು. ತೇವ ಹೀರಿದ ಹಾಳೆ ಬಾಗುತ್ತದೆ, ಬಣ್ಣ ಹರಡುತ್ತದೆ, ಹಾಗಾಗಿ ಉಳಿದ ಹಾಳೆಗಳನ್ನು ಜಿಪ್ ಚೀಲದಲ್ಲಿಡಬೇಕು.

ಮುದ್ರಿಸಿದ ಫೋಟೊ ಮುಟ್ಟಿದರೆ ಒಣಗಿದಂತೆ ತೋರಿದರೂ ಒಂದು ದಿನ ಹಾಗೆಯೇ ಬಿಡುವುದು ಉತ್ತಮ. ಒಳಗಿನ ತೇವ ಆರುವ ಮುನ್ನ ಚೌಕಟ್ಟು ಹಾಕಿದರೆ ಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ. ಗಾಜಿಗೂ ಫೋಟೊಗೂ ನಡುವೆ ರಟ್ಟಿನ ಅಂಚು ಕೊಟ್ಟು ಅಂತರ ಬಿಡಬೇಕು, ಇಲ್ಲದಿದ್ದರೆ ಗ್ಲಾಸಿ ಹಾಳೆ ಗಾಜಿಗೆ ಅಂಟಿಕೊಳ್ಳುತ್ತದೆ. ಡೈ ಇಂಕಿನ ಫೋಟೊಗಳು ಬಿಸಿಲಿಗೂ ತೆರೆದ ಗಾಳಿಗೂ ಬೇಗ ಮಾಸುವುದರಿಂದ ಅವುಗಳಿಗೆ ಗಾಜಿನ ರಕ್ಷಣೆ ಬೇಕೇ ಬೇಕು.

ಪ್ರವಾಸದಿಂದ ಬಂದು ನೂರಾರು 4×6 ಫೋಟೊಗಳನ್ನು ಒಮ್ಮೆಲೇ ಮಾಡಿಸಬೇಕಾದವರು ಮನೆಯ ಪ್ರಿಂಟರನ್ನು ದುಡಿಸುವ ಬದಲು ಊರಿನ ಕಲರ್ ಲ್ಯಾಬಿಗೆ ಕೊಡುವುದೇ ವಾಸಿ. ಇಂಕು, ಕಾಗದ, ಸಮಯ ಎಲ್ಲವನ್ನೂ ಕೂಡಿಸಿದರೆ ಅಲ್ಲಿಯೇ ಅಗ್ಗವಾಗುತ್ತದೆ. ಚಿಕ್ಕಮ್ಮನ ಸೆರಗಿನ ಕೆಂಪನ್ನು ಒಂದಿಷ್ಟು ಏರಿಸಿ, ಮತ್ತೊಂದಿಷ್ಟು ಇಳಿಸಿ, ಅವರೇ "ಈಗ ನನ್ನ ಸೀರಿ ಅನಸ್ತದ ನೋಡ್" ಎನ್ನುವವರೆಗೆ ತಿದ್ದುವ ವ್ಯವಧಾನ ಮಾತ್ರ ಲ್ಯಾಬಿನವರಿಗೆ ಇರುವುದಿಲ್ಲ.