ಯೂರಿನ್ ಚೆನ್ನಾಗೇ ಹೋಗ್ತಿದೆ, ಮತ್ತೆ ಕಿಡ್ನಿ ಹೇಗೆ ಫೇಲ್ ಆಯ್ತು?

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಡಯಾಲಿಸಿಸ್ ಟೆಕ್ನಿಷಿಯನ್. ಹೊಸದಾಗಿ ಬರುವ ರೋಗಿಗಳ ಮನೆಯವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಸರ್, ನಮ್ಮಪ್ಪಂಗೆ ಯೂರಿನ್ ಚೆನ್ನಾಗೇ ಹೋಗ್ತಿದೆ. ಕಿಡ್ನಿ ಫೇಲ್ ಅಂತ ಹೇಗೆ ಹೇಳ್ತಾರೆ?" ರಿಪೋರ್ಟ್ ಅದಲುಬದಲಾಗಿರಬೇಕು ಎಂದು ಅನುಮಾನ ಪಡುವವರೂ ಇದ್ದಾರೆ. ಮೂತ್ರ ಮಾಡುವುದೇ ಕಿಡ್ನಿಯ ಕೆಲಸ ಎಂದು ಶಾಲೆಯಲ್ಲಿ ಓದಿದವರಿಗೆ ಹಾಗನ್ನಿಸುವುದು ಸಹಜ, ಅಲ್ವಾ?

ಮೂತ್ರ ಎಷ್ಟು ಹೋಯಿತು ಎಂದು ನೋಡಿದರೆ ಸಾಲದು. ಅದರ ಜೊತೆ ಏನು ಹೋಯಿತು ಎಂದೂ ನೋಡಬೇಕು.

ಕಿಡ್ನಿ ಎಲ್ಲಿದೆ ಎಂದರೆ ಹೆಚ್ಚಿನವರು ಸೊಂಟ ಮುಟ್ಟಿ ತೋರಿಸುತ್ತಾರೆ. ಅವು ಇನ್ನೂ ಮೇಲಿವೆ. ಬೆನ್ನಿನ ಕಡೆ, ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. ಲಿವರ್ ಮೇಲಿರುವುದರಿಂದ ಬಲಗಡೆಯದು ಸ್ವಲ್ಪ ಕೆಳಗಿರುತ್ತದೆ. ಒಂದೊಂದೂ 10ರಿಂದ 12 ಸೆಂ.ಮೀ. ಉದ್ದ, ಹೆಚ್ಚುಕಡಿಮೆ 150 ಗ್ರಾಂ ತೂಕ. ಇಷ್ಟು ಚಿಕ್ಕ ಜೋಡಿಗೆ ನಿಮಿಷಕ್ಕೆ ಒಂದು ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತದೆ. ಹೃದಯ ಪಂಪ್ ಮಾಡುವುದರಲ್ಲಿ ಸುಮಾರು ಐದನೇ ಒಂದು ಪಾಲು ಇವೆರಡಕ್ಕೇ.

ಒಂದೊಂದು ಕಿಡ್ನಿಯಲ್ಲೂ ನೆಫ್ರಾನ್ ಎಂಬ ಸಣ್ಣ ಸೋಸುವ ಘಟಕಗಳು ಸುಮಾರು 10 ಲಕ್ಷ ಇವೆ. ಪ್ರತಿಯೊಂದರ ತುದಿಯಲ್ಲೂ ತೀರಾ ಸಣ್ಣ ರಕ್ತನಾಳಗಳ ಒಂದು ಗೊಂಚಲು. ಅದರ ಹೆಸರು ಗ್ಲೊಮೆರುಲಸ್. ಅಲ್ಲಿ ರಕ್ತದ ಒತ್ತಡಕ್ಕೆ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಂಬ ಕಸ ಎಲ್ಲ ಸೋಸಿ ಹೊರಗೆ ಬರುತ್ತವೆ. ರಕ್ತಕಣಗಳೂ ಪ್ರೋಟೀನೂ ಒಳಗೇ ಉಳಿಯಬೇಕು. ಹೀಗೆ ಸೋಸಿ ಬರುವುದು ದಿನಕ್ಕೆ 180 ಲೀಟರ್. ನಮ್ಮೂರಿನಲ್ಲಿ ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನ್ ಲೆಕ್ಕದಲ್ಲಿ ಒಂಬತ್ತು ಕ್ಯಾನ್. ಆದರೆ ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ, ಎರಡು ಲೀಟರ್ ಅಷ್ಟೇ. ಮಿಕ್ಕಿದ್ದೆಲ್ಲ ರಕ್ತಕ್ಕೆ ವಾಪಸ್.

ಕಿಡ್ನಿಯ ನಿಜವಾದ ಜಾಣತನ ಇರುವುದು ಈ ವಾಪಸ್ ತೆಗೆದುಕೊಳ್ಳುವುದರಲ್ಲಿ. ನೆಫ್ರಾನಿನ ಸುರುಳಿ ಕೊಳವೆಯ ಮೊದಲ ಭಾಗವೇ ಮೂರರಲ್ಲಿ ಎರಡು ಪಾಲು ನೀರನ್ನೂ, ಸಕ್ಕರೆಯನ್ನು ಪೂರ್ತಿಯಾಗಿಯೂ ಹೀರಿಕೊಳ್ಳುತ್ತದೆ. ಮುಂದೆ ಅದೇ ಕೊಳವೆ ಕಿಡ್ನಿಯ ಆಳಕ್ಕಿಳಿದು ಮತ್ತೆ ಮೇಲಕ್ಕೆ ಬರುತ್ತದೆ. ಇದಕ್ಕೆ ಹೆನ್ಲೆ ಲೂಪ್ ಎನ್ನುತ್ತಾರೆ. ಆ ಆಳದ ಭಾಗ ರಕ್ತಕ್ಕಿಂತ ನಾಲ್ಕು ಪಟ್ಟು ಸಾಂದ್ರವಾಗಿರಬಲ್ಲದು. ಅದರಿಂದಾಗಿಯೇ ಕೊನೆಯ ಕೊಳವೆಯಲ್ಲಿ ಇನ್ನಷ್ಟು ನೀರು ಉಳಿಸಿ ಮೂತ್ರವನ್ನು ಗಟ್ಟಿ ಮಾಡಲು ಆಗುತ್ತದೆ. ಎಷ್ಟು ಗಟ್ಟಿ ಎಂದು ಹೇಳುವುದು ಮೆದುಳಿನಿಂದ ಬರುವ ಎಡಿಎಚ್ ಹಾರ್ಮೋನ್. ಬೆಳಗ್ಗೆ ಎದ್ದಾಗಿನ ಮೊದಲ ಮೂತ್ರ ಗಾಢ ಹಳದಿ ಇರುವುದು ಹೀಗೆ.

ಸಾಮಾನ್ಯವಾಗಿ ಮೊದಲು ಕೈಕೊಡುವುದು ಈ ಗಟ್ಟಿ ಮಾಡುವ ಶಕ್ತಿಯೇ. ನೆಫ್ರಾನ್‌ಗಳು ಒಂದೊಂದಾಗಿ ಸಾಯುತ್ತಾ ಹೋದಂತೆ ಉಳಿದವುಗಳ ಮೇಲೆ ಹೊರೆ ಬೀಳುತ್ತದೆ. ನೀರು ಉಳಿಸಿಕೊಳ್ಳಲು ಅವುಗಳಿಗೆ ಆಗುವುದಿಲ್ಲ. ಹಾಗಾಗಿ ಮೂತ್ರ ಕಡಿಮೆಯಾಗುವ ಬದಲು ಜಾಸ್ತಿಯೇ ಆಗಬಹುದು. ರಾತ್ರಿ ಎರಡು ಮೂರು ಸಲ ಒಂದಕ್ಕೆ ಏಳುವುದನ್ನು ಸುಮ್ನೆ ವಯಸ್ಸಿನ ಮೇಲೆ ಹಾಕಬೇಡಿ.

24 ಗಂಟೆಯ ಮೂತ್ರ ಹಿಡಿದು ತನ್ನಿ ಎಂದಾಗ ಒಬ್ಬ ಮಗ ತುಂಬಿದ ಕ್ಯಾನ್ ತಂದು ಮೇಜಿನ ಮೇಲಿಟ್ಟ. ಎರಡು ಲೀಟರ್ ದಾಟಿತ್ತು. ಬಣ್ಣವೇ ಇಲ್ಲ. ಸ್ವಲ್ಪ ಅಲ್ಲಾಡಿದ್ದಕ್ಕೆ ಮೇಲೆ ದಪ್ಪ ನೊರೆ, ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಆ ನೊರೆ ಉಳಿಯಬೇಕಿದ್ದ ಪ್ರೋಟೀನಿನದು. ಹೋಗಬೇಕಿದ್ದ ಯೂರಿಯಾ, ಕ್ರಿಯಾಟಿನಿನ್‌ನಂಥ ಕಸವೆಲ್ಲ ರಕ್ತದಲ್ಲೇ ಕೂತಿತ್ತು.

ಕಿಡ್ನಿಗೆ ಬೇರೆ ಕೆಲಸಗಳೂ ಇವೆ. ರಕ್ತಕಣ ತಯಾರಿಸಲು ಮೂಳೆಮಜ್ಜೆಗೆ ಸೂಚನೆ ಕೊಡುವ ಎರಿಥ್ರೊಪೊಯೆಟಿನ್ ಇಲ್ಲೇ ಆಗುತ್ತದೆ. ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪ ಪಡೆಯುವುದೂ ಇಲ್ಲೇ. ನಮ್ಮ ಮೆಷಿನ್ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ರಕ್ತ ಸೋಸಿದರೂ ಇವೆರಡನ್ನು ಮಾಡಲಾರದು. ರೋಗಿಗಳಿಗೆ "ರಕ್ತ ಜಾಸ್ತಿ ಆಗುವ ಇಂಜೆಕ್ಷನ್" ಕೊಡುವುದು ಅದಕ್ಕೇ.

ಶುಗರ್, ಬಿಪಿ ಇರುವವರಿಗೆ ನಾನು ಹೇಳುವುದಿಷ್ಟು. ವರ್ಷಕ್ಕೊಮ್ಮೆ ಎರಡು ಟೆಸ್ಟ್ ಮಾಡಿಸಿ: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್. ಕ್ರಿಯಾಟಿನಿನ್ ನಾರ್ಮಲ್ ಎಂದಿದ್ದರೂ ಪಕ್ಕದಲ್ಲಿ ಇಜಿಎಫ್ಆರ್, ಅಂದರೆ ಕಿಡ್ನಿ ಸೋಸುವ ವೇಗದ ಅಂದಾಜು, ಎಷ್ಟಿದೆ ನೋಡಿ. ಕಿಡ್ನಿಯ ಅರ್ಧ ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ನಾರ್ಮಲ್ ಗೆರೆಯೊಳಗೇ ಇರಬಹುದು, ನೋವಂತೂ ಇರುವುದಿಲ್ಲ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ನೀವೇ ಪೇನ್‌ಕಿಲ್ಲರ್ ತಂದು ದಿನಾ ನುಂಗಬೇಡಿ. ಇನ್ನು ನೀರು ಜಾಸ್ತಿ ಕುಡಿಯುವುದು ಕಲ್ಲು ಆಗುವವರಿಗೆ ಒಳ್ಳೆಯದು. ಕೆಟ್ಟ ಕಿಡ್ನಿಯನ್ನು ಅದು ಸರಿ ಮಾಡುವುದಿಲ್ಲ. ಡಯಾಲಿಸಿಸ್‌ನಲ್ಲಿ ಇರುವವರಂತೂ ಡಾಕ್ಟರ್ ಹೇಳಿದ ಅಳತೆ ದಾಟಬಾರದು, ಸಾರು ಮಜ್ಜಿಗೆಯನ್ನೂ ಆ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು.