ಆ ತುದಿಗೆ ಮಾಮಾ, ಈ ತುದಿಗೆ ನಾನು

ನಮ್ಮ ಮಾಮಾನ ಗದ್ದೆ ಇರುವುದು ಖಾನಾಪುರ ತಾಲ್ಲೂಕಿನಲ್ಲಿ. ಬೀಡಿ ದಾಟಿ ಕಕ್ಕೇರಿ ಕಡೆ ಹೋಗುವಾಗ ಒಳದಾರಿಗೆ ತಿರುಗಬೇಕು. ಊರೊಳಗೆ ಗುಡಿ ಕಟ್ಟೆಯ ಮೇಲೆ ನಿಂತರೆ ಫೋನಿಗೆ ರೇಂಜ್ ಸಿಗುತ್ತದೆ. ಗದ್ದೆಗೆ ಇಳಿದರೆ ಇಲ್ಲ. ಗದ್ದೆಯ ಆಚೆ ಹಳ್ಳ, ಹಳ್ಳದ ಆಚೆ ಕಾಡು. ಆ ಕಾಡು ಹಳಿಯಾಳ, ದಾಂಡೇಲಿ ಕಡೆಗೆ ಹಬ್ಬಿಕೊಂಡಿದೆ. ಭತ್ತದ ತೆನೆ ಹಾಲುಗಟ್ಟಿತೆಂದರೆ ಹಂದಿಗಳು ಬಂದೇ ಬರುತ್ತವೆ. ಕೆಲವು ವರ್ಷ ಆನೆಯೂ ಬರುತ್ತದೆ.

ದೀಪಾವಳಿ ಮುಗಿದಿತ್ತು. ಕೊಯ್ಲಿಗೆ ಇನ್ನೂ ಸ್ವಲ್ಪ ದಿನ ಬಾಕಿ. ಅಷ್ಟರಲ್ಲಿ ಮಾಮಾನ ಮಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಕಾವಲಿಗೆ ಯಾರೂ ಇಲ್ಲ ಎಂದು ಅವ್ವ ಫೋನ್ ಮಾಡಿದಳು. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ರಜೆ ಹಾಕಿ ಹೋದೆ.

ಕಾವಲಿಗೆ ಒಬ್ಬ ಸಾಲುವುದಿಲ್ಲ. ಗದ್ದೆ ಹಳ್ಳದ ಗುಂಟ ಉದ್ದಕ್ಕೆ ಚಾಚಿಕೊಂಡಿದೆ. ಒಂದು ತುದಿಯಲ್ಲಿ ತಗಡು ಬಾರಿಸಿದರೆ ಹಂದಿ ಕಾಡಿಗೇನೂ ಓಡುವುದಿಲ್ಲ. ಇನ್ನೊಂದು ತುದಿಗೆ ಹೋಗಿ ಅಲ್ಲಿ ಊಟ ಮುಂದುವರಿಸುತ್ತದೆ. ಅದಕ್ಕೇ ಎರಡು ಅಟ್ಟಣಿಗೆ. ಆ ತುದಿಯಲ್ಲಿ ಒಂದು ದೊಡ್ಡ ಮತ್ತಿಮರದ ಮೇಲೆ ಮಾಮಾನದು. ಈ ತುದಿಯಲ್ಲಿ ಬಿದಿರು ಕಟ್ಟಿ ಎಬ್ಬಿಸಿದ್ದು ನನ್ನದು. ನಡುವೆ ಒಂದು ದಿಬ್ಬ. ಅವನ ಬ್ಯಾಟರಿ ಬೆಳಕು ನನಗೆ ಕಾಣುವುದಿಲ್ಲ, ನನ್ನದು ಅವನಿಗೆ ಕಾಣುವುದಿಲ್ಲ. ಕೂಗಿದರೆ ಗಾಳಿ ಇತ್ತ ಇದ್ದಾಗ ಮಾತ್ರ ಕೇಳುತ್ತದೆ.

ಮಾಮಾನಿಗೆ ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗ ಅವರಪ್ಪನ ಹಿಂದೆ ಬೇಟೆಗೆ ಹೋದವನು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಜ್ಜ ಬಂದೂಕು ಬಿಟ್ಟ. ಕೋವಿ ಮುಟ್ಟದೆ ಅರ್ಧ ಶತಮಾನವಾದರೂ ಮಾಮಾನ ಕಿವಿ, ಮೂಗು ಇನ್ನೂ ಅದೇ ಕಾಲದಲ್ಲಿವೆ. ಕಾಡಿನಲ್ಲಿ ಜೊತೆಗಾರನ ಜೊತೆ ಹೇಗೆ ಇರಬೇಕು ಅನ್ನೋದರ ಬಗ್ಗೆ ಅವನಿಗೆ ಖಚಿತ ಅಭಿಪ್ರಾಯಗಳಿವೆ. ಬೇರೆ ವಿಷಯದಲ್ಲಿ ಅಷ್ಟು ಮಾತಾಡುವವನಲ್ಲ.

ಆಗೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಅಡಗಿ ಕೂರುತ್ತಿದ್ದರಂತೆ. ಉಳಿದವರು ಗದ್ದಲ ಮಾಡಿ ಪ್ರಾಣಿ ಎಬ್ಬಿಸುತ್ತಿದ್ದರು. ಕೂತವನು ಎಷ್ಟೇ ಹೊತ್ತಾದರೂ, ಇರುವೆ ಕಚ್ಚಿದರೂ ಏಳುವ ಹಾಗಿಲ್ಲ. ಪೊದೆ ಅಲುಗಾಡಿದರೆ ಆ ಕಡೆಯವನಿಗೆ ಅದು ಹಂದಿಯೋ ಮನುಷ್ಯನೋ ಗೊತ್ತಾಗುವುದಿಲ್ಲ.

“ಹಂಗಂದ್ರ ಒಬ್ಬರಿಗೊಬ್ಬರು ಏನಾರ ಹೇಳಬೇಕಾದ್ರ?” ಎಂದು ಕೇಳಿದೆ. “ಗೂಗಿ ಕೂಗಿದಂಗ ಕೂಗ್ತಿದ್ರೇನು?”

“ಖರೇ ಗೂಗಿ ಕೂಗಿದ್ರ ಏನ್ ಮಾಡ್ತಿ?” ಎಂದ ಮಾಮಾ.

ಕಲ್ಲಿಗೆ ಕಲ್ಲು ಕುಟ್ಟುತ್ತಿದ್ದರಂತೆ. ಕಾಡು ತಾನಾಗೇ ಮಾಡದ ಸದ್ದು ಅದು. ಅದನ್ನೂ ಬೇಟೆ ಮುಗಿದ ಮೇಲೆ, ಎಲ್ಲರೂ ಎದ್ದು ಬರಬಹುದು ಎಂದು ಹೇಳುವುದಕ್ಕಷ್ಟೇ. ಅದಕ್ಕೆ ಮುಂಚಿನದ್ದೆಲ್ಲ ಮನೆಯ ಕಟ್ಟೆಯ ಮೇಲೆ ಕೂತಾಗಲೇ ಮಾತಾಗಿರುತ್ತಿತ್ತು. ಯಾರು ಎಲ್ಲಿ, ಎಷ್ಟು ಹೊತ್ತು, ಯಾರಾದರೂ ಬರದಿದ್ದರೆ ಯಾವ ಮರದ ಕೆಳಗೆ ಕಾಯಬೇಕು. ನನಗೆ ಇದು ಬಹಳ ಹಿಡಿಸಿತು. ಫೋನ್ ಬಂದ ಮೇಲೆ ನಾವು ಬಿಟ್ಟದ್ದು ಇದನ್ನೇ. ‘ಅಲ್ಲಿಗೆ ಹೋಗಿ ಫೋನ್ ಮಾಡ್ತೀನಿ’ ಎಂದು ಎದ್ದು ಹೊರಡುತ್ತೇವೆ, ಅಲ್ವಾ?

ನಾನು ಬೆಳಗಾವಿಯಿಂದ ಬರುವಾಗ ಒಂದು ಜೊತೆ ವಾಕಿಟಾಕಿ ತಂದಿದ್ದೆ. ಇದನ್ನು ಕೊಳ್ಳುವಾಗ ಸ್ವಲ್ಪ ಓದಿಕೊಳ್ಳಬೇಕು. ನಮ್ಮಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್‌ಗಳಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ. ಹಾಗಂತ ಎಲ್ಲ ವಾಕಿಟಾಕಿಗೂ ಅದು ಅನ್ವಯಿಸುವುದಿಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಎಷ್ಟೋ ಸೆಟ್‌ಗಳು ಬೇರೆ ಬ್ಯಾಂಡಿನವು, ಅವಕ್ಕೆ ಲೈಸೆನ್ಸ್ ಬೇಕು. ಈ ಮಾರಾಟದ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ತಂದಿದೆ. ‘ಸ್ಯಾಟಲೈಟ್ ಸಾಧನ ತಗೋ, ಎಲ್ಲಿಂದಾದರೂ ಮೆಸೇಜ್ ಹೋಗುತ್ತೆ’ ಎಂದ ವರ್ಕ್‌ಶಾಪಿನ ಗೆಳೆಯನಿಗೆ ಕೈ ಮುಗಿದೆ. ಅದನ್ನು ಅನುಮತಿ ಇಲ್ಲದೆ ಇಟ್ಟುಕೊಂಡಿದ್ದ ವಿದೇಶಿಯರು ಪಕ್ಕದ ಗೋವಾ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ.

ಡಬ್ಬಿಯ ಮೇಲೆ ಹಲವು ಕಿಲೋಮೀಟರ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ನಡುವೆ ಏನೂ ಅಡ್ಡ ಇಲ್ಲದ ಬಯಲಿನ ಮಾತು. ಅರ್ಧ ವಾಟ್ ಶಕ್ತಿಯ ಸೆಟ್ಟಿಗೆ ಮರ, ದಿಬ್ಬ, ಒದ್ದೆ ಎಲೆ ಎಲ್ಲವೂ ಅಡ್ಡವೇ. ಹಗಲು ಹೊತ್ತಿನಲ್ಲೇ ಗದ್ದೆಯ ಗುಂಟ ನಡೆದು ನೋಡಿದೆವು. ಅಟ್ಟಣಿಗೆಯಿಂದ ಅಟ್ಟಣಿಗೆಗೆ ಮಾತು ಸ್ಪಷ್ಟ. ಕೆಳಗಿಳಿದು ಹಳ್ಳದ ಅಂಚಿಗೆ ಹೋದರೆ ಬರೀ ಗುರ್ ಗುರ್. ಊರ ಕಡೆಗೆ ಬಂಡಿದಾರಿಯಲ್ಲಿ ಹುಣಸೆಮರದ ತನಕ ಕೇಳುತ್ತದೆ, ಅದು ದಾಟಿದರೆ ಇಲ್ಲ. ಗುಡಿ ಕಟ್ಟೆಯ ಮೇಲೆ ಫೋನ್ ಉಂಟು, ವಾಕಿಟಾಕಿ ಇಲ್ಲ. ಗದ್ದೆಯಲ್ಲಿ ವಾಕಿಟಾಕಿ ಉಂಟು, ಫೋನ್ ಇಲ್ಲ. ನಡುವಿನ ದಾರಿಯಲ್ಲಿ ಎರಡೂ ಇಲ್ಲ. ಈ ನಕ್ಷೆಯನ್ನು ಮಾಮಾ ಒಂದೇ ಸಲಕ್ಕೆ ತಲೆಯಲ್ಲಿಟ್ಟುಕೊಂಡ. ನಾನು ಚೀಟಿಯಲ್ಲಿ ಬರೆದುಕೊಂಡೆ.

ಆಮೇಲೆ ಮಾಮಾ ಕಟ್ಟೆಯ ಮೇಲೆ ಕೂತು ಕರಾರು ಶುರು ಮಾಡಿದ. ತಾಸಿಗೊಮ್ಮೆ ಅವನು ಕರೆಯಬೇಕು, ನಾನು ಉತ್ತರಿಸಬೇಕು. ನಡುವೆ ಸುಮ್ನೆ ಹರಟೆ ಇಲ್ಲ. ಪ್ರಾಣಿ ಹತ್ತಿರ ಇದ್ದು ಮಾತಾಡಲಾಗದಿದ್ದರೆ ಏನು? ಅದಕ್ಕೆ ನಾನೊಂದು ದಾರಿ ತೋರಿಸಿದೆ. ಮಾತಾಡದೆ ಬರೀ ಗುಂಡಿ ಒತ್ತಿ ಬಿಟ್ಟರೂ ಈ ಕಡೆ ಸೆಟ್ಟಿನಲ್ಲಿ ‘ಖರ್’ ಎನ್ನುತ್ತದೆ. ಅರ್ಧ ಸೆಕೆಂಡಾದರೂ ಒತ್ತಿ ಹಿಡಿಯಬೇಕು, ಬರೀ ತಟ್ಟಿದರೆ ಹೋಗುವುದಿಲ್ಲ. ಎರಡು ಸಲ ಖರ್ ಎಂದರೆ ‘ಅರಾಮ ಇದ್ದೀನಿ, ಮಾತಾಡೂ ಹಂಗಿಲ್ಲ.’ ಮೂರು ಸಲ ಎಂದರೆ ‘ಸಹಾಯ ಬೇಕು.’

“ಸಹಾಯ ಅಂದ್ರ ನೀ ನನ್ನ ಕಡೆ ಓಡಿ ಬರೂದಲ್ಲ,” ಎಂದ ಮಾಮಾ. “ಊರಿಗೆ ಹೋಗೂದು. ಬಂಡಿದಾರಿ ಹಿಡದ ಹೋಗೂದು. ಗದ್ಯಾಗ ಅಡ್ಡ ಹಾಯಬ್ಯಾಡ.”

ಅಡ್ಡ ಹಾಯಬೇಡ ಎಂದದ್ದಕ್ಕೆ ಪ್ರಾಣಿ ಒಂದೇ ಕಾರಣವಲ್ಲ. ರಾತ್ರಿ ಹೊತ್ತು ಯಾರ ಬೇಲಿಗೆ ಏನು ಕೊಟ್ಟಿರುತ್ತಾರೋ ಹೇಳಲಾಗದು. ಸೋಲಾರ್ ಬೇಲಿ ಬಿಟ್ಟು ಬಿಟ್ಟು ಹೊಡೆಯುತ್ತದೆ, ಝುಂ ಎನ್ನಿಸಿ ಬಿಡುತ್ತದೆ. ಕೆಲವರು ಕಂಬದಿಂದ ನೇರ ಕರೆಂಟ್ ಎಳೆದು ತಂತಿಗೆ ಕೊಡುತ್ತಾರೆ. ಅದು ಅಪರಾಧ. ಅದರಿಂದ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ.

ಇನ್ನೊಂದು ಕರಾರು ನನಗೆ ಮೊದಲು ಅರ್ಥವಾಗಲಿಲ್ಲ. ಉತ್ತರ ಬರದಿದ್ದರೆ ಮತ್ತೆ ಮತ್ತೆ ಕರೆಯಬಾರದು. ಆ ಕಡೆಯವನು ಉಸಿರು ಬಿಗಿ ಹಿಡಿದು ಕೂತಿದ್ದಾಗ ಅವನ ಸೆಟ್ಟಿನಿಂದ ‘ಮಾಮಾ, ಮಾಮಾ, ಕೇಳಸ್ತದೇನು’ ಎಂದು ಕೂಗಿದರೆ ಹೇಗಿರುತ್ತದೆ! ಮಾಮಾನ ಸೆಟ್ಟಿಗೆ ಇಯರ್‌ಫೋನ್ ಸಿಕ್ಕಿಸಿ ಕೊಟ್ಟೆ. ಒಂದೇ ಕಿವಿಗೆ ಹಾಕಿಕೊಂಡ. ಇನ್ನೊಂದು ಕಿವಿ ಕಾಡಿಗೆ ಬೇಕಂತೆ.

ಫೋನುಗಳನ್ನು ಏರೋಪ್ಲೇನ್ ಮೋಡಿಗೆ ಹಾಕಿದೆವು. ರೇಂಜ್ ಇಲ್ಲದ ಕಡೆ ಫೋನ್ ಟವರ್ ಹುಡುಕಿ ಹುಡುಕಿಯೇ ಚಾರ್ಜ್ ತಿಂದುಬಿಡುತ್ತದೆ.

ಅಮೆರಿಕದ ಮೊಂಟಾನಾದಲ್ಲಿ ಬೇಟೆಗೆ ವಾಕಿಟಾಕಿ ಬಳಸುವ ಹಾಗಿಲ್ಲ ಎಂದು ಎಲ್ಲೋ ಓದಿದ್ದೆ. ಪ್ರಾಣಿ ಎಲ್ಲಿದೆ ಎಂದು ಜೊತೆಗಾರನಿಗೆ ಅದರಲ್ಲಿ ಹೇಳಿದರೆ ಕಾನೂನು ತಪ್ಪು. ಮಾಮಾನಿಗೆ ಹೇಳಿದೆ. “ಬರೋಬ್ಬರಿ ಐತಿ,” ಎಂದ. “ಹಂದಿ ಕೈಯಾಗೂ ಒಂದು ಕೊಟ್ಟಿದ್ರ ಮಾತ ಬ್ಯಾರೆ ಇತ್ತು.”

ಹಂದಿಗಳ ಕಥೆ ಬೇಗ ಮುಗಿಯಿತು. ಊಟದ ಹೊತ್ತಿಗೇ ಬಂದವು. ನಾನು ಈ ಕಡೆಯಿಂದ ಬಾರಿಸಿದೆ. ‘ನಿನ್ನ ಕಡೆ ಹೊಂಟಾವ’ ಎಂದು ವಾಕಿಟಾಕಿಯಲ್ಲಿ ಹೇಳಿದೆ. ಮಾಮಾ ಅಲ್ಲಿಂದ ಬ್ಯಾಟರಿ ಬಿಟ್ಟು ತಗಡು ಬಡಿದ. ಎರಡೂ ಕಡೆ ಸದ್ದಾದ್ದಕ್ಕೆ ಹಳ್ಳಕ್ಕೆ ಹಾರಿದವು. ರೊಟ್ಟಿ, ಶೇಂಗಾ ಚಟ್ನಿ ತಿಂದು ಕಂಬಳಿ ಹೊದ್ದು ಕೂತೆ. ನಿದ್ದೆ ಬರದಿರಲಿ ಎಂದು ಅತ್ತಿ ಥರ್ಮಾಸಿನಲ್ಲಿ ಚಾ ಕೊಟ್ಟಿದ್ದಳು. ಅದು ಆರಿ ತಣ್ಣಗಾಗಿತ್ತು.

ನಡುರಾತ್ರಿ ದಾಟಿದ ಮೇಲೆ ತಾಸಿನ ಕರೆ ಬರಲಿಲ್ಲ. ಕರಾರಿನ ಪ್ರಕಾರ ಸ್ವಲ್ಪ ತಾಳಿ ನಾನೇ ಒಂದು ಸಲ ಗುಂಡಿ ಒತ್ತಿ ಬಿಟ್ಟೆ, ಮಾತಾಡಲಿಲ್ಲ.

ಖರ್. ಖರ್.

ಅರಾಮ ಇದ್ದಾನೆ. ಮಾತಾಡುವ ಹಾಗಿಲ್ಲ. ಇಷ್ಟೇ ಗೊತ್ತಾದದ್ದು. ಎದುರಿಗಿರುವುದು ಏನು, ಎಷ್ಟು ದೂರ, ಒಂದೋ ನಾಲ್ಕೋ, ಏನೂ ಗೊತ್ತಿಲ್ಲ. ಬ್ಯಾಟರಿ ಹಾಕಬೇಕು ಅನ್ನಿಸಿತು, ಹಾಕಲಿಲ್ಲ. ಗಾಳಿ ಒಮ್ಮೆ ಇತ್ತ ತಿರುಗಿದಾಗ ಸದ್ದು ಕೇಳಿತು. ಭತ್ತದ ಬುಡ ಕಿತ್ತು ಬರುವ ಸದ್ದು. ಆಮೇಲೆ ಥಪ್, ಥಪ್ ಎಂದು ಬಡಿದದ್ದು. ಆನೆ ಕಿತ್ತ ಹುಲ್ಲನ್ನು ಕಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತದೆ ಎಂದು ಮಾಮಾ ಹಿಂದೆ ಹೇಳಿದ್ದ. ಹಂದಿ ಹಾಗೆ ಮಾಡುವುದಿಲ್ಲ.

ನನ್ನದು ಬಿದಿರಿನ ಅಟ್ಟಣಿಗೆ. ಆನೆ ಒರಗಿದರೆ ಸಾಕು. ಆದರೂ ಇಳಿಯಲಿಲ್ಲ. ಮಾಮಾ ಎರಡು ಎಂದಿದ್ದಾನೆ, ಮೂರು ಎಂದಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಧೈರ್ಯವಲ್ಲ, ಆ ಎರಡು ಖರ್. ಪೂರ್ತಿ ಮೌನವಾಗಿದ್ದರೆ ನಾನು ದಿಬ್ಬ ಹತ್ತಿ ನೋಡಲು ಹೋಗುತ್ತಿದ್ದೆ. ಕತ್ತಲಲ್ಲಿ ಆನೆಯ ಬೆನ್ನ ಹಿಂದೆ.

ಸುಮಾರು ಹೊತ್ತಾದ ಮೇಲೆ ಬಂತು. ಖರ್, ಖರ್, ಖರ್.

ಇಳಿದೆ. ಬಂಡಿದಾರಿ ಹಿಡಿದೆ. ಬೆಳಕು ನೆಲಕ್ಕೇ ಬಿಟ್ಟುಕೊಂಡು ನಡೆದೆ. ಹುಣಸೆಮರದ ಹತ್ತಿರ ಇನ್ನೊಮ್ಮೆ ಒತ್ತಿದೆ, ಎರಡು ಖರ್ ಬಂತು. ಮರ ದಾಟಿದ ಮೇಲೆ ಸೆಟ್ಟು ಸುಮ್ಮನಾಯಿತು. ಇಡೀ ರಾತ್ರಿಯಲ್ಲಿ ಕಷ್ಟವಾದದ್ದು ಅಲ್ಲಿಂದ ಗುಡಿಯ ತನಕದ ದಾರಿ. ಫೋನೂ ಇಲ್ಲ, ವಾಕಿಟಾಕಿಯೂ ಇಲ್ಲ. ಹಿಂದೆ ಹೋಗಿ ಮರದ ಕೆಳಗೆ ನಿಂತು ಮಾಮಾನ ಖರ್ ಕೇಳುತ್ತಾ ಇರೋಣ ಅನ್ನಿಸುತ್ತಿತ್ತು. ಆದರೆ ಅಲ್ಲಿ ನಿಂತು ಕೇಳುವುದರಿಂದ ಅವನಿಗೇನು ಲಾಭ?

ಗುಡಿ ಕಟ್ಟೆ ಹತ್ತಿ ಫೋನ್ ಚಾಲು ಮಾಡಿದೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಅದರ ಜೊತೆಗೆ ನಮ್ಮ ಕಡೆಯ ಗಾರ್ಡ್ ನಂಬರೂ ಮಾಮಾನ ಮಗನ ಹತ್ತಿರ ಇತ್ತು. ಅವನನ್ನು ಎಬ್ಬಿಸಿ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸಿದೆವು, ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು. ಫೋನ್ ಅವನ ಪಾಲಿಗೆ. ಪಕ್ಕದ ಮನೆಯ ಇಬ್ಬರನ್ನು ಕರೆದುಕೊಂಡು ನಾನು ಹುಣಸೆಮರಕ್ಕೆ ವಾಪಸ್. ಒಬ್ಬ ಹುಡುಗ ಮರಕ್ಕೂ ಗುಡಿಗೂ ನಡುವೆ ಸೈಕಲ್ ಮೇಲೆ ಓಡಾಡಿದ. ಮಾಮಾ ಖರ್ ಎಂದದ್ದು ನನಗೆ, ನಾನು ಹೇಳಿದ್ದು ಹುಡುಗನಿಗೆ, ಹುಡುಗ ಹೇಳಿದ್ದು ಕಟ್ಟೆಗೆ, ಕಟ್ಟೆಯಿಂದ ಗಾರ್ಡಿಗೆ. ಟಪಾಲಿನ ಕಾಲ ಮತ್ತೆ ಬಂದ ಹಾಗಿತ್ತು.

ಜೀಪು ಬರುವಷ್ಟರಲ್ಲಿ ಸೆಟ್ಟಿನಲ್ಲಿ ಮಾಮಾನ ದನಿಯೇ ಬಂತು. “ಹೋತು. ಹಳ್ಳ ದಾಟಿತು.” ಒಂದು ಕ್ಷಣ ಬಿಟ್ಟು, “ನಿಮ್ಮ ಅತ್ತಿ ಎದ್ದಾಳೇನು? ಚಾ ಇಡಾಕ ಹೇಳು.”

ಆದರೂ ಗಾರ್ಡುಗಳು ಹಳ್ಳದ ಅಂಚಿನಲ್ಲಿ ಪಟಾಕಿ ಹಚ್ಚಿ, ತಿರುಗಿ ಬರದ ಹಾಗೆ ನೋಡಿಕೊಂಡೇ ಹೋದರು. ಆಮೇಲೆ ಗೊತ್ತಾಯಿತು, ಒಂಟಿ ಸಲಗ ಮತ್ತಿಮರದ ಬುಡಕ್ಕೇ ಬಂದು ಮೈ ತಿಕ್ಕಿತ್ತಂತೆ. ಮೂರು ಖರ್ ಬಂದದ್ದು ಆಗಲೇ. ಮಾಮಾ ಕೊಂಬೆ ಅಪ್ಪಿಕೊಂಡು ಕೂತಿದ್ದನಂತೆ. “ಹೆಬ್ಬಟ್ಟ ಗುಂಡಿ ಮ್ಯಾಲೇ ಇಟ್ಟಿದ್ನಿ” ಎಂದಷ್ಟೇ ಹೇಳಿದ.

ಬೆಳಗಾದ ಮೇಲೆ ತುಳಿದ ಭತ್ತದ ಫೋಟೊ ತೆಗೆದೆವು. ಪರಿಹಾರಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಇ-ಪರಿಹಾರದಲ್ಲಿ ಹಾಕಬೇಕಲ್ಲ. ಮಣ್ಣಿನಲ್ಲಿ ಹೆಜ್ಜೆ ಮೂಡಿದ್ದನ್ನೂ ಪಕ್ಕದಲ್ಲಿ ಕೋಲಿಟ್ಟು ತೆಗೆದೆವು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಅಕ್ಕಪಕ್ಕದ ಗದ್ದೆಯವರೆಲ್ಲ ವಾಕಿಟಾಕಿ ಎಷ್ಟಕ್ಕೆ ಬಿತ್ತು ಎಂದು ಕೇಳಲು ಬಂದರು. ನಾವೂ ತರುತ್ತೇವೆ, ಎಲ್ಲರೂ ಒಂದೇ ಚಾನೆಲ್ಲಿಗೆ ಇಟ್ಟುಕೊಳ್ಳೋಣ ಎಂದ ಒಬ್ಬ. ಮಾಮಾ ಒಪ್ಪಿದ. ಒಪ್ಪಿದ ಮೇಲೆ ಅವರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು ಕರಾರು ಹೇಳತೊಡಗಿದ. ಯಾರ ಸರದಿ ಯಾವಾಗ, ಎರಡು ಅಂದ್ರೇನು, ಮೂರು ಅಂದ್ರೇನು. ಕಬ್ಬಿನ ಬಿಲ್ಲು ಬಂತೋ ಇಲ್ಲೋ ಎಂಬ ಮಾತು ಚಾನೆಲ್ಲಿನಲ್ಲಿ ಆಡಿದವನ ಸೆಟ್ಟು ಕಸಿದುಕೊಳ್ಳಲಾಗುವುದು. ಆ ಕೊನೆಯದರ ಮೇಲೆ ಚರ್ಚೆ ಎದ್ದಿತು. ರಾತ್ರಿಯಿಡೀ ಎಚ್ಚರ ಇರಬೇಕಾದರೆ ಅಷ್ಟಾದರೂ ಮಾತು ಬೇಡವೇ ಎಂದು ಅವರ ವಾದ. ನಾನು ಮಧ್ಯಾಹ್ನದ ಬಸ್ಸಿಗೆ ಹೊರಟಾಗಲೂ ಅದು ಬಗೆಹರಿದಿರಲಿಲ್ಲ.